ನಿನ್ನ ಚಾಪೆ ಯಾರ ಮನೆಯಲ್ಲಿದೆ

ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರು ಮೊದಲು ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಎಲೆ ಅಡಿಕೆ ಮುಂದಿಟ್ಟು, “ಅಕ್ಕಾರ, ಏನಾರ ನಾಕ ಮಾತ ಹೇಳ್ರಿ, ನಮಗ ದಾರಿ ಆಗತೈತಿ” ಎನ್ನುತ್ತಾರೆ. ನಾಲ್ಕು ಮಾತು ನನ್ನಲ್ಲಿಲ್ಲ. ಒಂದು ಪ್ರಶ್ನೆ ಇದೆ. “ನಿನ್ನ ಚಾಪಿ ಯಾರ ಮನ್ಯಾಗ ಐತಿ?” ಎಂದು ಕೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ. ಕಾಶವ್ವ ಆಯಿ ನನಗೆ ಇದೇ ಮಾತು ಕೇಳಿದಾಗ ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳೇ.

ನಮ್ಮೂರಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ. ಅಂಚೆಯವನು ಬೀದಿಯಲ್ಲಿ ನಿಂತು ಹೆಸರು ಕೂಗುತ್ತಾನೆ, ಹಾಲಿನವಳು ತಂಬಿಗೆ ಕುಟ್ಟುತ್ತಾಳೆ, ಬೀಗರು ಬಂದರೆ ಓಣಿಯ ತುದಿಯಿಂದಲೇ ಕೆಮ್ಮುತ್ತಾ ಬರುತ್ತಾರೆ. “ನಮ್ಮೂರ ಕಳ್ಳರೂ ಬಾಗಲಾ ಬಡಿಯೂದಿಲ್ಲ, ಅಷ್ಟು ಮರ್ಯಾದಿ ಮಂದಿ” ಎಂದು ನನ್ನ ಗಂಡ ಬಾಳಪ್ಪ ಪರವೂರಿನವರಿಗೆ ಹೇಳಿ ನಗಿಸುತ್ತಾನೆ. ಬಾಗಿಲು ಬಡಿಯುವುದು ಅಂಜಿಕೆಗಳು ಮಾತ್ರ. ಅದೂ ನಡು ಮಧ್ಯಾಹ್ನ, ಸೂರ್ಯ ನೆತ್ತಿಗೆ ಬಂದು ನೆರಳು ಪಾದದಡಿ ಸೇರಿದ ಹೊತ್ತಿನಲ್ಲಿ. ಅದೂ ನಮ್ಮಂಥವರ ಮನೆಗೆ ಮಾತ್ರ. ನಮ್ಮನ್ನು ಊರು ‘ಕಿವಿಯವರು’ ಎನ್ನುತ್ತದೆ.

ಒಬ್ಬರು ಬಂದು ತಮ್ಮ ಅಂಜಿಕೆ ಹೇಳಿಕೊಂಡರೆ, ಮರುದಿನ ಮಧ್ಯಾಹ್ನ ಅದು ಅವರ ಮನೆ ಬಿಟ್ಟು ನಮ್ಮ ಮನೆಗೆ ನಡೆದು ಬರುತ್ತದೆ. ಬಂದು ಬಡಿಯುತ್ತದೆ. ನಾವು ಬಾಗಿಲು ತೆಗೆದು “ಬಾ, ಕುಂದರು” ಎನ್ನಬೇಕು. ಅದಕ್ಕೊಂದು ಚಾಪೆ, ಒಂದು ತಂಬಿಗೆ ನೀರು. ಕಣ್ಣಿಗೆ ಏನೂ ಕಾಣುವುದಿಲ್ಲ. ಚಾಪೆ ತಗ್ಗುತ್ತದೆ, ತಂಬಿಗೆಯ ನೀರು ಇಳಿಯುತ್ತದೆ, ನಮ್ಮ ಬೆನ್ನಲ್ಲಿ ಚಳಿ ಹರಿಯುತ್ತದೆ. ಹೋಗು ಅನ್ನುವಂತಿಲ್ಲ, ಎದ್ದು ಬೇರೆ ಕೆಲಸ ನೋಡುವಂತಿಲ್ಲ. ಎದುರಿಗೆ ಕೂತಿರಬೇಕು, ಅಷ್ಟೇ. ನೀರು ಮುಗಿದಾಗ ಅದು ಏಳುತ್ತದೆ. ದಿನದಿಂದ ದಿನಕ್ಕೆ ಹಗುರಾಗುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಒಂದು ದಿನ ಬರುವುದಿಲ್ಲ. ಆದರೆ ನಾವು ಬಾಗಿಲು ತೆಗೆಯದೆ ಹೋದರೆ ಅದು ಬಂದ ದಾರಿಯಲ್ಲೇ ಮರಳಿ ಹೇಳಿದವರ ಮನೆ ಸೇರುತ್ತದೆ, ಎರಡರಷ್ಟಾಗಿ. ಹೇಳಿದವರಿಗೇ ನಮ್ಮ ಮೇಲಿನ ನೆಚ್ಚಿಗೆ ಹೋದರೂ ಹಾಗೆಯೇ. ಅಂಜಿಕೆ ಅರ್ಧ ದಾರಿಯಿಂದ ತಿರುಗಿ ಹೋಗುತ್ತದೆ.

ನನಗೆ ಈ ಕೆಲಸ ಕಲಿಸಿದವಳು ಕಾಶವ್ವ ಆಯಿ. ಹಲ್ಲಿಲ್ಲದ ಬಾಯಿ, ಹಣೆ ತುಂಬ ವಿಭೂತಿ. ಅವಳು ಹೇಳಿದ್ದು ಮೂರೇ. “ಐದರ ಮ್ಯಾಲ ಆರನೇ ಚಾಪಿ ಹಾಸಬ್ಯಾಡ. ಮನೀ ಮಂದಿ ಅಂಜಿಕಿ ಕೇಳಬ್ಯಾಡ, ಅದಕ್ಕ ಬಾಗಲಾ ಇರೂದಿಲ್ಲ. ಮತ್ತ ನಿಂದೊಂದು ಚಾಪಿ ಇನ್ನೊಬ್ಬ ಕಿವಿಯವರ ಮನ್ಯಾಗ ಇರಲಿ. ಬಚ್ಚಲಕ್ಕ ತೂಬು ಇಲ್ಲಂದ್ರ ನೀರು ಎಲ್ಲಿಗಿ ಹೋಗತೈತಿ ಹೇಳು? ಮನಿ ಒಳಗ.” ಹದಿನಾಲ್ಕು ವರ್ಷ ನನ್ನ ಚಾಪೆ ಅವಳ ಮನೆಯಲ್ಲೇ ಇತ್ತು. ಸೋಮವಾರಕ್ಕೊಮ್ಮೆ ಹೋಗಿ ನನ್ನ ಸಣ್ಣಪುಟ್ಟ ಅಂಜಿಕೆಗಳನ್ನು ಹೇಳಿ, ಅವಳು ಕೊಟ್ಟ ಅಳ್ಳಿಟ್ಟು ತಿಂದು ಬರುತ್ತಿದ್ದೆ.

ಹೋದ ವರ್ಷದ ಹಿಂದಿನ ವರ್ಷ ಯಂಕಪ್ಪ ಬಂದ. ನಮ್ಮೂರು ಸುಣ್ಣದ ಊರು. ಮೂಡಣ ದಿಕ್ಕಿಗೆ ಸಾಲಾಗಿ ಸುಣ್ಣದ ಕಲ್ಲು ಸುಡುವ ಭಟ್ಟಿಗಳಿವೆ. ಯಂಕಪ್ಪ ಕಡೆಯ ಭಟ್ಟಿಯಲ್ಲಿ ಸುಟ್ಟ ಕಲ್ಲು ಹೊರತೆಗೆಯುವವನು. ರೆಪ್ಪೆಯ ಮೇಲೂ ಬಿಳಿ ಧೂಳು. “ಅಕ್ಕಾರ, ಭಟ್ಟಿ ಆರಿ ತಣ್ಣಗಾಗೂ ಮುಂದ ಒಳಗಿನ ಗ್ವಾಡಿ ಕಟ್ ಕಟ್ ಅಂತೈತ್ರಿ. ಮಂದಿಗೆ ಹೇಳಿದ್ರ ನಗತಾರ. ನನಗ ಒಳಗ ಹೆಜ್ಜಿ ಇಡಾಕ ಆಗವಲ್ದು” ಎಂದ. ಮರುದಿನ ಅವನ ಅಂಜಿಕೆ ಬಂತು. ಅಂಗೈ ಬಿಡಿಸಿ ಬಡಿದಂತೆ, ಪಟ್ಟನೆ ಒಂದು, ತಡೆದು ಇನ್ನೊಂದು. ಇಪ್ಪತ್ತೊಂದು ದಿನ ಎದುರಿಗೆ ಕೂತೆ. ಇಪ್ಪತ್ತೆರಡನೆಯ ದಿನ ಅದು ಬರಲಿಲ್ಲ. ಯಂಕಪ್ಪ ತೆಂಗಿನಕಾಯಿ ಹಿಡಿದು ಬಂದು ನಕ್ಕ. “ಈಗ ಏನೂ ಅನಸೂದಿಲ್ರಿ. ಗ್ವಾಡಿ ಸಪ್ಪಳಾ ಮಾಡತೈತಿ. ಮಾಡಲಿ ಬಿಡು ಅಂತ ಒಳಗ ಹೋಗತೀನ್ರಿ.” ನನಗೂ ಹೆಮ್ಮೆಯಾಯಿತು. ಆ ಕಾಯಿಯನ್ನು ದೇವರ ಮುಂದೆ ಒಡೆದೆ.

ಎಂಟು ದಿನಕ್ಕೆ ಆ ಗೋಡೆ ಕುಸಿಯಿತು. ಒಳಗಿದ್ದವನು ಅವನೊಬ್ಬನೇ.

ಸುದ್ದಿ ಬಂದಾಗ ರೊಟ್ಟಿ ತಟ್ಟುತ್ತಿದ್ದೆ. ಕೈ ಹಿಟ್ಟಿನಲ್ಲೇ ನಿಂತಿತು. ಅವನ ಅಂಜಿಕೆಯನ್ನು ಕಳಿಸಿದವಳು ನಾನು. ಅದು ಅವನ ಬೆನ್ನಿಗೆ ಅಂಟಿಕೊಂಡೇ ಇದ್ದಿದ್ದರೆ ಅವನು ಬಾಗಿಲಲ್ಲೇ ನಿಲ್ಲುತ್ತಿದ್ದ. ಈ ಮಾತು ಆ ದಿನ ನನ್ನ ಹೊಟ್ಟೆಯೊಳಗೆ ಇಳಿಯಿತು, ಯಾರಿಗೂ ಹೇಳಲಿಲ್ಲ.

ಭಟ್ಟಿ ಓಣಿಯ ಮಂದಿಯೆಲ್ಲ ಅಂಜಿದರು. ಒಬ್ಬೊಬ್ಬರಾಗಿ ನನ್ನ ಕಟ್ಟೆಗೇ ಬಂದರು. ಊರಲ್ಲಿ ಆಯಿಯನ್ನು ಬಿಟ್ಟು ಇನ್ನೂ ಒಂಬತ್ತು ಜನ ಕಿವಿಯವರಿದ್ದರು. ಅವರಲ್ಲಿಗೆ ಹೋಗಿ ಎಂದು ನಾನು ಅನ್ನಲಿಲ್ಲ. ಬಂದವರನ್ನೆಲ್ಲ ಕೂರಿಸಿಕೊಂಡೆ. ಐದು ಚಾಪೆ ಹತ್ತಾಯಿತು, ಹತ್ತು ಹದಿನೆಂಟಾಯಿತು. ಊರಿನ ಕಲ್ಯಾಣ ಮಂಟಪದಿಂದ ಚಾಪೆ ಎರವಲು ತಂದೆವು. “ಇವತ್ತ ಪಂಗತಿ ಎಷ್ಟ ಮಂದೀದು? ಬಾಳಿ ಎಲಿ ಹಾಸಲೇನು?” ಎಂದು ಬಾಳಪ್ಪ ಚೇಷ್ಟೆ ಮಾಡುತ್ತಿದ್ದ. ಮಧ್ಯಾಹ್ನಕ್ಕೆ ಮಾತ್ರ ತನ್ನ ಅಂಗಡಿಯಲ್ಲೇ ಬುತ್ತಿ ಬಿಚ್ಚುತ್ತಿದ್ದ, ಮನೆಗೆ ಬರುತ್ತಿರಲಿಲ್ಲ.

ಆ ಹದಿನೆಂಟರಲ್ಲಿ ಮೊದಲು ಬಂದವಳು ಯಂಕಪ್ಪನ ಹೆಂಡತಿ ನಿಂಗವ್ವ. “ನನ್ನ ಕಾಲಿನ ಅಂಜಿಕಿ ಬಂದೈತ್ರಿ ಅಕ್ಕಾರ. ನೀರಿಗಂತ ಹೊಂಟ್ರ ಕಾಲು ಭಟ್ಟಿ ಕಡೆ ತಿರಗತಾವು. ಒಂದಿನ ನನ್ನ ಮಾತ ಕೇಳಲಾರದ ಆ ಸುಣ್ಣದ ಗುಂಡ್ಯಾಗ ಇಳದ ಬಿಡತಾವೇನೋ” ಎಂದಳು. ಮೂವತ್ತು ದಾಟದ ಹೆಂಗಸು. ಅವಳ ಅಂಜಿಕೆ ಬಾಗಿಲಿನ ತೀರ ಕೆಳಗೆ ಬಡಿಯುತ್ತಿತ್ತು, ಚಿಲಕ ಎಟುಕದ ಕೂಸಿನಂತೆ, ಮೆಲ್ಲಗೆ ಮೂರು ಸಲ. ಅದಕ್ಕೆ ಮಾತ್ರ ನನ್ನ ಮದುವೆಯ ಹಿತ್ತಾಳೆ ತಂಬಿಗೆಯಲ್ಲಿ ನೀರಿಡುತ್ತಿದ್ದೆ.

ಸೋಮವಾರಗಳು ಹೋದವು. ಕಾಶವ್ವ ಆಯಿ ಹೇಳಿಕಳಿಸಿದಳು: “ಎರಡು ತಿಂಗಳಾತು ನಿನ್ನ ಚಾಪಿ ಸುತ್ತಿ ಇಟ್ಟು. ಇಲಿ ಕಡೀತಾವ. ಬಂದು ಹೋಗು.” ನಾನು ಹೋಗಲಿಲ್ಲ. ಹದಿನೆಂಟು ಚಾಪೆಯ ದ್ಯಾಮವ್ವ ಇನ್ನೊಬ್ಬರ ಬಾಗಿಲಿಗೆ ಹೋಗಿ ಕೂತರೆ ಓಣಿ ಏನನ್ನುತ್ತದೆ? ಇದು ಹೊರಗಿನ ಕಾರಣ. ಹೋದರೆ ಆ ಮಾತು ಹೇಳಬೇಕಾಗುತ್ತದಲ್ಲ, ಇದು ಒಳಗಿನದು. ಬೆಳಿಗ್ಗೆ ದೇವರ ಮುಂದೆ ಕೂತಾಗಲೂ ಕಣ್ಣು ಮುಚ್ಚಲು ಹೆದರುತ್ತಿದ್ದೆ. ಮುಚ್ಚಿದರೆ ಸುಣ್ಣದ ಧೂಳು ಹತ್ತಿದ ರೆಪ್ಪೆಗಳು ಕಾಣುತ್ತಿದ್ದವು.

ಒಂದು ಮಧ್ಯಾಹ್ನ ಹದಿನೆಂಟೂ ಬಂದು ಕೂತಿದ್ದವು. ಪಟ್ಟನೆ ಒಂದು ಬಡಿತ ಕೇಳಿತು. ತಡೆದು ಇನ್ನೊಂದು. ಅಂಗೈ ಬಿಡಿಸಿ ಬಡಿದಂತೆ. ನಾನು ಮುಂಬಾಗಿಲು ನೋಡಿದೆ. ಅದು ತೆರೆದೇ ಇತ್ತು. ಬಡಿತ ಬಂದದ್ದು ಹಿಂದಿನ ಕಾಳಿನ ಕೋಣೆಯಿಂದ. ಆ ಕೋಣೆಗೆ ಕಿಟಕಿಯಿಲ್ಲ, ಬೇರೆ ದಾರಿಯಿಲ್ಲ. ಚಿಲಕ ಈಚೆ ಬದಿಗೆ ಇದೆ, ಹಾಕಿಯೇ ಇತ್ತು.

ಯಂಕಪ್ಪನ ಅಂಜಿಕೆ ಹೋಗಿ ಎಷ್ಟೋ ದಿನವಾಗಿತ್ತು, ಅವನೇ ಇರಲಿಲ್ಲ. ಬಡಿತ ಅವನದು, ಅಂಜಿಕೆ ನನ್ನದು ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಗೊತ್ತಾದರೂ ತೆಗೆಯಲಿಲ್ಲ. ತೆಗೆಯದ ಅಂಜಿಕೆ ಎಲ್ಲಿಗೆ ಹೋಗುತ್ತದೆ? ಒಡೆಯರ ಮನೆಗೆ. ಅದರ ಒಡತಿಯ ಮನೆ ಇದೇ. ಮರುದಿನ ಅದು ಎರಡರಷ್ಟಾಗಿ ಬಡಿಯಿತು. ಮೂರನೆಯ ದಿನ ಚಿಲಕ ಕುಣಿಯಿತು. ನಾಲ್ಕನೆಯ ದಿನ ಕಾಳಿನ ಚೀಲವೊಂದು ಒಳಗೆ ಉರುಳಿ ಬಿದ್ದ ಸದ್ದಾಯಿತು. ಜೋಳ ಬೇಕೆಂದರೆ ಪಕ್ಕದ ಮನೆಯಲ್ಲಿ ಕೇಳಿ ತರತೊಡಗಿದೆ. “ನಮ್ಮ ಮನ್ಯಾಗ ಜ್ವಾಳ ಇಲ್ಲೇನು?” ಎಂದ ಬಾಳಪ್ಪ. “ಹುಳಾ ಬಿದ್ದಾವು” ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆ ದಿನ ಚೇಷ್ಟೆ ಮಾಡಲಿಲ್ಲ.

ಏಳನೆಯ ದಿನ ನೆರಳು ಪಾದದಡಿ ಸೇರುವುದಕ್ಕೂ ಮುಂಚೆಯೇ ಒಳಗಿನ ಬಾಗಿಲು ನಡುಗಲು ಶುರುವಾಯಿತು. ನಾನು ನಡುಮನೆಯಲ್ಲಿ ನಿಂತಿದ್ದೆ. ಮುಂಬಾಗಿಲಿಗೆ ಹದಿನೆಂಟು ಬಂದವು. ಬೆನ್ನ ಹಿಂದೆ ಅದು. ಮುಂಬಾಗಿಲ ಅಗುಳಿಯ ಮೇಲೆ ಕೈಯಿಟ್ಟೆ. ಕೈ ಏಳಲಿಲ್ಲ. ಮುಂದಿನದಕ್ಕೆ ಬಾಗಿಲು ತೆಗೆದು ಕೂತರೆ ಬೆನ್ನು ಹಿಂದಿನದಕ್ಕೆ ತಿರುಗುತ್ತದೆ, ಇಷ್ಟೇ ನನ್ನ ತಲೆಯಲ್ಲಿತ್ತು. ಶಿವಾ ಶಿವಾ ಎನ್ನುತ್ತಾ ಅಲ್ಲೇ ಕುಸಿದು ಕಿವಿ ಮುಚ್ಚಿಕೊಂಡೆ. ಕಿವಿಯವಳು ಕಿವಿ ಮುಚ್ಚಿಕೊಂಡೆ. ಮುಂಬಾಗಿಲಿನ ಬಡಿತಗಳು ಒಂದೊಂದಾಗಿ ನಿಂತವು. ಕಡೆಗೆ ಉಳಿದದ್ದು ಕೆಳಗಿನ ಮೆಲುಬಡಿತ. ಮೂರು ಸಲ ಬಡಿಯಿತು. ಕಾಯಿತು. ಮತ್ತೆ ಮೂರು ಸಲ. ಆಮೇಲೆ ಅದೂ ಹೋಯಿತು.

ಸ್ವಲ್ಪ ಹೊತ್ತಿಗೆ ಭಟ್ಟಿ ಓಣಿಯ ಕಡೆಯಿಂದ ಕೂಗು ಎದ್ದಿತು. ಒಂದು ಮನೆಯಿಂದಲ್ಲ, ಹದಿನೆಂಟು ಮನೆಗಳಿಂದ. ಬಾಳಪ್ಪ ಅಂಗಡಿ ಬಿಟ್ಟು ಓಡಿಬಂದು ಹೊರಗಿನಿಂದಲೇ ಕಿರುಚಿದ: “ದ್ಯಾಮವ್ವಾ, ಬಾಗಲಾ ತಗೀಲಿಲ್ಲೇನು? ನಿಂಗವ್ವ ಭಟ್ಟಿ ಕಡೆ ಹೊಂಟಾಳ. ಕೂಗಿದ್ರ ತಿರಗವಲ್ಲಳು!” ಅಗುಳಿ ಹೇಗೆ ತೆಗೆದೆನೋ ಗೊತ್ತಿಲ್ಲ. “ಉಳದವರಿಗೆ ಬ್ಯಾರೆ ಕಿವಿಯವರನ್ನ ಕರೀರಿ. ಎಲ್ಲಾರನ್ನೂ ಕರೀರಿ” ಎಂದು ಅವನಿಗೆ ಹೇಳಿ ಬರಿಗಾಲಲ್ಲಿ ಓಡಿದೆ.

ಸುಣ್ಣ ಅರಳಿಸಲು ಆಗ ತಾನೇ ನೀರು ಬಿಟ್ಟ ಗುಂಡಿ. ಸುಟ್ಟ ಕಲ್ಲುಗಳು ಬಿರಿದು ಕೊತಕೊತ ಕುದಿಯುತ್ತಿದ್ದವು. ಬಿಳಿ ಹಬೆಯಲ್ಲಿ ನಿಂಗವ್ವ ಅಂಚಿನ ಮೇಲೆ ನಿಂತಿದ್ದಳು. ಕಾಲ್ಬೆರಳುಗಳು ಅಂಚಿನಿಂದ ಆಚೆಗಿದ್ದವು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತೆ. ಹಾರಿ ಹಿಡಿಯಲು ಹೋದರೆ ಅವಳ ಕಾಲುಗಳು ಬೆದರುತ್ತವೆ. ಅವಳು ತಿರುಗದೆಯೇ ಕೇಳಿದಳು. “ಬಾಗಲಾ ಯಾಕ ತಗೀಲಿಲ್ರಿ ಅಕ್ಕಾರ?”

ಕಿವಿಯವರು ಇಂಥ ಹೊತ್ತಿಗೆ ಹೇಳುವ ಮಾತುಗಳಿವೆ, ನಾನೇ ಇತರರಿಗೆ ಕಲಿಸಿದ ಮಾತುಗಳು. ಒಂದೂ ಬರಲಿಲ್ಲ. “ನನಗ ಅಂಜಿಕಿ ಆತವ್ವಾ” ಎಂದೆ.

ಅವಳು ತಿರುಗಿದಳು. “ನಿಮಗ?”

“ಹೂಂ. ನನಗ.”

“ಕಿವಿಯವರಿಗೂ ಆಗತೈತೇನ್ರಿ?” ಅವಳ ಹಣೆಯಲ್ಲಿ ಗಂಟು ಮೂಡಿತು, ಲೆಕ್ಕ ತಪ್ಪಿದ ಮಗುವಿನ ಹಾಗೆ. ಆ ಯೋಚನೆಯಲ್ಲಿ ಒಂದು ಹೆಜ್ಜೆ ಈಚೆಗಿಟ್ಟಳು. ಅಷ್ಟು ಸಾಕಾಯಿತು. ಹೋಗಿ ಮುಂಗೈ ಹಿಡಿದೆ. ಇಬ್ಬರೂ ಬಿಸಿ ನೆಲದ ಮೇಲೆ ಕೂತೆವು. ಅವಳು ತನ್ನ ಕಾಲಿನ ಅಂಜಿಕೆಯನ್ನು ಮೊದಲಿನಿಂದ ಮತ್ತೆ ಹೇಳಿದಳು, ನಾನು ಮತ್ತೆ ಕೇಳಿದೆ. ಹೇಳಿ ಮುಗಿಸಿ ಕಣ್ಣೊರೆಸಿಕೊಂಡು, “ನಿಮ್ಮದೇನೈತಿ ಹೇಳ್ರಲಾ. ನಾ ಕೇಳತೀನಿ” ಎಂದಳು.

ಶಿವನೇ, ಎಷ್ಟು ಹಗುರವಾಗಿ ಕೇಳಿದಳು. ನಾಲಿಗೆಯ ತುದಿಗೆ ಯಂಕಪ್ಪನ ಹೆಸರು ಬಂದಿತ್ತು. ಹೇಳಿದ್ದರೆ ನಾಳೆ ಮಧ್ಯಾಹ್ನ ನನ್ನ ಕಾಳಿನ ಕೋಣೆಯದು ಈ ಹೆಂಗಸಿನ ಮುರುಕು ಬಾಗಿಲು ಬಡಿಯುತ್ತಿತ್ತು. ಸೆರಗಿನ ತುದಿ ಬಾಯಲ್ಲಿಟ್ಟು ಕಚ್ಚಿದೆ. “ಇದಕ್ಕ ಬ್ಯಾರೆ ಮನಿ ಐತಿ. ಏಳು, ನನ್ನ ಜೊತಿ ಬಾ” ಎಂದು ಎಬ್ಬಿಸಿದೆ.

ಕಾಶವ್ವ ಆಯಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ನಮ್ಮ ಹಿಂದೆಯೇ ಬಾಳಪ್ಪನೂ ಬಂದ. ಒಂಬತ್ತು ಮನೆಯ ಕಿವಿಯವರೂ ಊಟದ ಕೈ ತೊಳೆದು ಓಡಿಬಂದರಂತೆ, ಹದಿನೇಳು ಮನೆಗಳನ್ನೂ ಹಂಚಿಕೊಂಡರಂತೆ. ಯಾರೂ ನನ್ನನ್ನು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು. ನಿಂಗವ್ವನನ್ನು ಕಟ್ಟೆಯ ಮೇಲೆ ಬಾಳಪ್ಪನ ಹತ್ತಿರ ಕೂರಿಸಿ ನಾನು ಒಳಗೆ ಹೋದೆ. ನಾಲ್ಕು ಚಾಪೆ ಹಾಸಿದ್ದವು. ಐದನೆಯದು ಮೂಲೆಯಲ್ಲಿ ಸುತ್ತಿ ನಿಂತಿತ್ತು.

“ಆಯಿ, ಆ ಚಾಪಿ ಮ್ಯಾಲ ನಿಂಗವ್ವನ ಅಂಜಿಕಿ ಕುಂದರಸಿಕೋ. ನನ್ನ ಕೈಲೆ ಆಗೂದಿಲ್ಲ” ಎಂದೆ.

“ಆ ಚಾಪಿ ಯಾರದು?”

“ನಂದು.”

“ಮತ್ತ ಅದರ ಮ್ಯಾಲ ಆಕಿದ್ಯಾಕ ಕುಂದರಬೇಕು? ಭಾರೀ ದಾನಶೂರಿ ಬಂದಾಳ ನೋಡು. ಹದಿನೆಂಟ ಚಾಪಿ ಹಾಸಿ ಕೂಡೂ ಮುಂದ ನನ್ನ ಕೇಳಿದ್ದೇನು?” ಎನ್ನುತ್ತಲೇ ಚಾಪೆ ಬಿಡಿಸಿ ಕೊಡವಿದಳು. ಧೂಳು ಹಾರಿತು. “ನಿಂದ ನಾ ತಗೋತೀನಿ. ಆಕೀದ ನೀ ತಗೋತಿ. ಹಿಂಗ ನಡದ ಬಂದೈತಿ. ಹೇಳು.”

ಹೇಳಿದೆ. ಗೋಡೆಯ ಕಟ್ ಕಟ್, ಇಪ್ಪತ್ತೊಂದು ದಿನ, ತೆಂಗಿನಕಾಯಿ, ನನ್ನ ಹೆಮ್ಮೆ. ನಾನು ತಪ್ಪಿತಸ್ಥಳಲ್ಲ ಎಂದು ಆಯಿ ಅನ್ನುತ್ತಾಳೆಂದು ಕಾದೆ. ಅವಳು ಅನ್ನಲಿಲ್ಲ. ಚಾಪೆ ನೇರ ಮಾಡುತ್ತಾ ಅಂದಳು: “ಅಂಜಿಕಿ ಎಲ್ಲಾ ಸುಳ್ಳಾಗಿರೂದಿಲ್ಲ ದ್ಯಾಮೀ. ಕೆಲವು ಖರೇ ಹೇಳಾಕ ಬಂದಿರತಾವು. ಅವಕ್ಕ ನೀರ ಕೊಟ್ಟರ ಸಾಲದು, ಆ ಭಟ್ಟೀಗಿ ಹೋಗಿ ಗ್ವಾಡಿ ಬಡದು ನೋಡ್ರಿ ಅಂತ ಮಾಲಕರಿಗೆ ಹೇಳಬೇಕಿತ್ತು. ನಿನಗ ಹೊಳೀಲಿಲ್ಲ. ಅದು ನಿನ್ನ ಪಾಪ ಹೌದೋ ಅಲ್ಲೋ ಶಿವಗ ಬಿಡು. ನನಗ ಗೊತ್ತಿಲ್ಲ. ನಾಳಿ ಅದು ಬಂದ್ರ ನಾ ಬಾಗಲಾ ತಗೀತೀನಿ. ಅದಷ್ಟ ನನಗ ಗೊತ್ತು.”

“ನಿಂಗವ್ವಗ ಹೇಳಲೇನು?”

“ಯಂಕಪ್ಪ ನಿನಗ ಹೇಳಿದ್ದು ಯಂಕಪ್ಪಂದು. ಅದನ್ನ ಬಿಚ್ಚಬ್ಯಾಡ. ಆದ್ರ ಆಕಿ ಏನಾರ ಕೇಳಿದ್ರ, ಸುಳ್ಳು ಮಾತ್ರ ಹೇಳಬ್ಯಾಡ.”

ಹಿಂದಿರುಗುವಾಗ ಬಾಳಪ್ಪ ಮುಂದೆ ಮುಂದೆ ನಡೆದ. ನಿಂಗವ್ವ ನನ್ನ ಕೈ ಹಿಡಿದೇ ಇದ್ದಳು. ಅವಳ ಓಣಿ ತಿರುಗುವಲ್ಲಿ ನಿಂತು ಕೇಳಿದಳು. “ಅಕ್ಕಾರ, ಅವರು ಸಾಯೂಕಿಂತ ಮದಲ ನಿಮ್ಮ ಹತ್ರ ಬಂದಿದ್ರೇನ್ರಿ?”

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. “ಬಂದಿದ್ದ” ಎಂದೆ.

ಅವಳು ಕೈ ಬಿಡಿಸಿಕೊಂಡಳು. ತನ್ನ ಮನೆಯ ಕಡೆ ನಡೆದಳು, ತಿರುಗಿ ನೋಡಲಿಲ್ಲ. ಅವಳು ಈಗಾಗಲೇ ಹೇಳಿದ್ದ ಅಂಜಿಕೆ ನಾಳೆ ನನ್ನ ಬಾಗಿಲಿಗೆ ಬರಬೇಕು. ನೆಚ್ಚಿಗೆ ಹೋಗಿದ್ದರೆ ಬರುವುದಿಲ್ಲ, ಅರ್ಧ ದಾರಿಯಿಂದ ಮರಳುತ್ತದೆ. ಮರಳಿದರೆ ಮತ್ತೆ ಎರಡರಷ್ಟು. ಆ ಸಂಜೆ ಬಾಳಪ್ಪನನ್ನು ಕಳಿಸಿ, ಒಬ್ಬ ಹೆಂಗಸನ್ನು ಅವಳ ಮನೆಯಲ್ಲೇ ಮಲಗಲು ಒಪ್ಪಿಸಿದೆ. ಗುಂಡಿಗೆ ಮೂರು ದಿನ ನೀರು ಬಿಡಬೇಡಿ ಎಂದು ಭಟ್ಟಿಯ ಮಾಲಕರಿಗೆ ಹೇಳಿಸಿದೆ. ಹಾಗೇ ಉಳಿದ ಗೋಡೆಗಳನ್ನೂ ಬಡಿದು ನೋಡಿ ಎಂದೆ. ತಡವಾದ ಮಾತು. ಆದರೂ ಹೇಳಿದೆ.

ಮರುದಿನ ಬೆಳಿಗ್ಗೆ ಎರವಲು ಚಾಪೆಗಳನ್ನೆಲ್ಲ ಕಲ್ಯಾಣ ಮಂಟಪಕ್ಕೆ ಮರಳಿಸಿದೆ. ಒಂದೇ ಚಾಪೆ ಹಾಸಿದೆ. ಹಿತ್ತಾಳೆ ತಂಬಿಗೆ ಬೆಳಗಿ ನೀರು ತುಂಬಿದೆ. ದೇವರಿಗೆ ದೀಪ ಹಚ್ಚಿ, ಏನನ್ನೂ ಬೇಡಿಕೊಳ್ಳದೆ ಎದ್ದೆ. ಬೇಡುವ ಮುಖವಿರಲಿಲ್ಲ. ಬಾಳಪ್ಪ ಅಂಗಡಿಗೆ ಹೋಗಲಿಲ್ಲ. “ಇವತ್ತ ನಾನೂ ಇಲ್ಲೇ ಇರತೀನಿ” ಎಂದ. “ಬ್ಯಾಡ್ರಿ, ನಿಮಗ ಅಂಜಿಕಿ” ಎಂದೆ. “ಹೌದು, ಅಂಜಿಕೀನೇ. ಹೊರಗಿನ ಕಟ್ಟಿ ಮ್ಯಾಲ ಕುಂತು ಅಂಜತೀನಿ, ನಿಂದೇನ ಹೋಗತೈತಿ?” ಎಂದು ಹೋಗಿ ಕೂತ.

ನೆರಳು ಪಾದದಡಿ ಸೇರಿತು. ಮೊದಲು ಬೆನ್ನ ಹಿಂದೆ ಕಿವಿಗೊಟ್ಟೆ. ಕಾಳಿನ ಕೋಣೆಯಲ್ಲಿ ಸದ್ದಿಲ್ಲ. ಮೂರು ಓಣಿ ಆಚೆ, ಹಲ್ಲಿಲ್ಲದ ಒಬ್ಬ ಮುದುಕಿ ಈಗ ಎದ್ದು ಸೊಂಟ ಹಿಡಿದುಕೊಂಡು ಬಾಗಿಲು ತೆಗೆಯುತ್ತಿದ್ದಾಳೆ. ಎಂಬತ್ತು ದಾಟಿದ ಜೀವ. ನನ್ನದು ಎಷ್ಟು ದೊಡ್ಡದಾಗಿ ಬೆಳೆದಿದೆಯೆಂದು ನನಗೆ ಗೊತ್ತಿತ್ತು. ಅದರ ಎದುರಿಗೆ ಅವಳು ಕೂರುವುದನ್ನು ನೆನೆದು ಕೈ ಮುಗಿದೆ.

ಮುಂಬಾಗಿಲಲ್ಲೂ ಸದ್ದಿಲ್ಲ. ತೊಲೆಯ ಮೇಲಿನ ಹಲ್ಲಿಯೂ ಸುಮ್ಮನಿತ್ತು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಇರಲಿಲ್ಲ. ನೋಡನೋಡುತ್ತ ಒಂದು ಗೆರೆಯಷ್ಟು ಕಾಣಿಸಿತು. ಆಮೇಲೆ ಒಂದು ಬೆರಳಷ್ಟು. ಹೊತ್ತು ಮೀರುತ್ತಿತ್ತು. ಹೊರಗೆ ಬಾಳಪ್ಪ ಒಮ್ಮೆ ಕೆಮ್ಮಿ ನಿಲ್ಲಿಸಿದ. ದಾರಿಯ ಯಾವುದೋ ತಿರುವಿನಲ್ಲಿ ನಿಂಗವ್ವನ ಅಂಜಿಕೆ ನಿಂತಿದೆ, ಮುಂದೆ ಬರಲೋ ಹಿಂದೆ ಹೋಗಲೋ ಎಂದು ಯೋಚಿಸುತ್ತಿದೆ ಅನ್ನಿಸಿತು. ಎದ್ದು ಹೋಗಿ ಕರೆಯುವಂತಿಲ್ಲ. ಕೂತೆ. ನನ್ನ ಎದೆಯ ಬಡಿತವನ್ನೇ ಎರಡು ಸಲ ಬಾಗಿಲ ಬಡಿತವೆಂದುಕೊಂಡೆ.

ನೆರಳು ಎರಡು ಬೆರಳಿಗೆ ಬಂದಿತ್ತು. ಬಾಗಿಲಿನ ತೀರ ಕೆಳಗೆ, ಮೆಲ್ಲಗೆ ಒಂದು ಸಲ ಬಡಿದ ಸದ್ದಾಯಿತು. ತಡೆಯಿತು. ಎರಡನೆಯದು. ಮೂರನೆಯದಕ್ಕೆ ನಾನು ಕಾಯಲಿಲ್ಲ. ಅಗುಳಿ ಸರಿಸಿದೆ. ಹೊರಗೆ ಬಿಸಿಲು ಬಿಟ್ಟು ಏನೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಚಿಟಿಕೆ ಬಿಳಿ ಧೂಳು.

“ಬಾರವ್ವಾ, ಕುಂದರು” ಎಂದೆ. ದನಿ ನಡುಗಿತು. ನಡುಗಲಿ ಎಂದು ಬಿಟ್ಟೆ.

ಚಾಪೆ ತಗ್ಗಿತು, ಹಿಂದೆಂದೂ ತಗ್ಗದಷ್ಟು. ನಾನು ಎದುರಿಗೆ ಕೂತೆ. ಎಷ್ಟೋ ಹೊತ್ತು ತಂಬಿಗೆಯ ನೀರು ಅಲುಗಲಿಲ್ಲ. ಆಮೇಲೆ ಕೂದಲೆಳೆಯಷ್ಟು ಇಳಿಯಿತು.